ದವಡೆಯ ದಣಿವು



ಅಗಿಯುವುದು, ನುಂಗುವುದು, ಮಾತನಾಡುವುದು, ನಗುವುದು ಈ ನಾಲ್ಕೂ ಬಾಯಿಯ ಕೆಲಸಗಳು. ಇವನ್ನು ದಿನವೊಂದಕ್ಕೆ ಎಷ್ಟು ಸಲ ಮಾಡುತ್ತೇವೆಂದು ಯಾರೂ ಲೆಕ್ಕವಿಡುವುದಿಲ್ಲ. ಅವು ಕೆಟ್ಟಾಗ ಮಾತ್ರ ಒಂದೊಂದು ತುತ್ತೂ ಲೆಕ್ಕಕ್ಕೆ ಬರುತ್ತದೆ. ಬಾಯಿಯ ತೊಂದರೆಯೆಂದೊಡನೆ ಜನರಿಗೆ ಹಲ್ಲಿನ ನೆನಪಾಗುವುದು ಸಹಜ. ಆದರೆ ಹಲ್ಲು ನೆಟ್ಟಗಿದ್ದರೂ ದವಡೆ ಸೋಲುವ, ಬಾಯಿ ತೆರೆಯದಿರುವ, ತುತ್ತು ಗಂಟಲಿನಿಂದ ಕೆಳಗಿಳಿಯದಿರುವ ಕೆಲವು ವ್ಯಾಧಿಗಳುಂಟು. ದೇಹದ ರೋಗನಿರೋಧ ಶಕ್ತಿಯು ದೇಹದ ಮೇಲೆಯೇ ತಿರುಗಿಬಿದ್ದು ಉಂಟುಮಾಡುವ ಈ ವ್ಯಾಧಿಗಳ ವಿಚಾರವಾಗಿ ಈ ದಿನ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಈ ಮಾತುಗಳನ್ನು ಹೇಳುವಾಗ ನಮ್ಮ ಮನಸ್ಸಿನಲ್ಲಿರುವವರು ಹಾಸನ ಜಿಲ್ಲೆಯ ಸಕಲೇಶಪುರ, ಆಲೂರುಗಳ ಬೆಟ್ಟಸೀಮೆಯ ಜನರು. ಹೊಂಗಡಹಳ್ಳದಂತಹ ಊರಿನಲ್ಲಿ ಮುಂಗಾರು ಹಿಡಿದರೆ ಕಾಫಿತೋಟದ ದಾರಿಯಲ್ಲಿ ಕಾಲಿಡುವುದೇ ಕಷ್ಟ. ಅಲ್ಲಿಂದ ಸಕಲೇಶಪುರಕ್ಕೆ ಇಳಿಯಬೇಕು. ಸಕಲೇಶಪುರದಿಂದ ಹಾಸನಕ್ಕೆ ಮತ್ತೆ ಸುಮಾರು 40 ಕಿಲೋಮೀಟರು. ವೈದ್ಯನನ್ನು ಕಾಣಲು ಒಂದು ದಿನದ ಕೂಲಿಯನ್ನೂ ಪ್ರಯಾಣದ ವೆಚ್ಚವನ್ನೂ ಕಳೆದುಕೊಳ್ಳಬೇಕಾದ ಸ್ಥಳದಲ್ಲಿ, ಮನೆಯವರು ರೋಗಿಯನ್ನು ನೋಡಿ ತಿಳಿದುಕೊಂಡ ಸಂಗತಿಗಳಿಗೆ ಬಹಳ ಬೆಲೆಯುಂಟು. ದವಡೆ ಸೋಲುವ ರೀತಿಯೇ ವ್ಯಾಧಿಯ ಗುರುತು. ಅದು ಯಾವ ರೀತಿಯಲ್ಲಿ, ಯಾವ ಹೊತ್ತಿನಲ್ಲಿ ಸೋಲುತ್ತದೆಂಬುದನ್ನು ಸರಿಯಾಗಿ ಹೇಳಬಲ್ಲ ರೋಗಿಯು ಅರ್ಧ ದಾರಿಯನ್ನು ಕ್ರಮಿಸಿದಂತೆಯೇ ಸರಿ. ಈ ಮಾತನ್ನು ಸ್ಥಿರಪಡಿಸುವುದೇ ಇಂದಿನ ಭಾಷಣದ ಉದ್ದೇಶ.

ಮೊದಲು ದವಡೆಯ ರಚನೆಯನ್ನು ಸ್ವಲ್ಪ ನೋಡೋಣ. ಹಲ್ಲುಗಳನ್ನು ಬಿಗಿಯಾಗಿ ಕಚ್ಚಿ, ಕೆನ್ನೆಯ ಹಿಂಭಾಗದಲ್ಲಿ, ಕಿವಿಯ ಮುಂದೆ ಬೆರಳಿಟ್ಟು ನೋಡಿರಿ. ಬೆರಳಿನ ಕೆಳಗೆ ಒಂದು ಗಟ್ಟಿಯಾದ ಉಬ್ಬು ಏಳುತ್ತದೆ. ಕಣತಲೆಯ ಮೇಲೆ ಬೆರಳಿಟ್ಟರೆ ಅಲ್ಲಿಯೂ ಇನ್ನೊಂದು ಮಾಂಸಖಂಡ ಏಳುವುದು ತಿಳಿಯುತ್ತದೆ. ಬೆರಳಿಗೆ ಸಿಕ್ಕದಂತೆ ಒಳಗಡೆ ಇನ್ನೆರಡು ಜೊತೆ ಇವೆ. ಹೀಗೆ ನಾಲ್ಕು ಜೊತೆ ಮಾಂಸಖಂಡಗಳು ಅಗಿಯುವ ಕೆಲಸವನ್ನು ಮುಖ್ಯವಾಗಿ ನಡೆಸುತ್ತವೆ. ಅವುಗಳಲ್ಲಿ ಮೂರು ಜೊತೆ ಬಾಯಿಯನ್ನು ಮುಚ್ಚುವುವು. ತೆರೆಯುವುದಕ್ಕೆ ಭೂಮಿಯ ಸೆಳೆತವೂ ಸಹಾಯ ಮಾಡುವುದರಿಂದ ಅಲ್ಲಿ ಅಷ್ಟು ಬಲ ಬೇಕಾಗಿಲ್ಲ. ಕಿವಿಯ ಮುಂದೆಯೇ ದವಡೆಯ ಕೀಲು ಇದೆ. ಬಾಯಿ ಸಾಕಷ್ಟು ತೆರೆಯುತ್ತದೆಯೇ ಎಂಬುದನ್ನು ತಿಳಿಯಲು ಯಂತ್ರವೇನೂ ಬೇಡ. ತನ್ನ ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ಇಡಬಲ್ಲವನ ಬಾಯಿ ಸಾಮಾನ್ಯವಾಗಿ ಸರಿಯಾಗಿ ತೆರೆಯುತ್ತದೆಂದು ತಿಳಿಯಬಹುದು.

ಇನ್ನು ರೋಗನಿರೋಧ ಶಕ್ತಿಯ ವಿಚಾರ. ಹೊರಗಿನಿಂದ ನುಗ್ಗುವ ರೋಗಾಣುಗಳನ್ನು ಗುರುತಿಸಿ ಕೊಲ್ಲುವುದಕ್ಕಾಗಿ ರಕ್ತದಲ್ಲಿ ಪ್ರತಿಕಾಯಗಳೆಂಬ ಪದಾರ್ಥಗಳೂ, ಬಿಳಿಯ ರಕ್ತಕಣಗಳೂ ಇವೆ. ತನ್ನದು ಯಾವುದು, ಪರರದು ಯಾವುದು ಎಂಬ ವಿವೇಕ ಈ ಪಡೆಗೆ ಇರುವತನಕ ನಾವು ಸುಖಿಗಳು. ಆ ವಿವೇಕ ತಪ್ಪಿದಾಗ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಅದು ಮೇಯುವ ಹೊಲ ಯಾವುದೆಂಬುದರ ಮೇಲೆ ವ್ಯಾಧಿಯ ಹೆಸರು ನಿಲ್ಲುತ್ತದೆ.

ಈ ವ್ಯಾಧಿಗಳಲ್ಲಿ ದವಡೆಯ ಮಾಂಸಖಂಡಗಳನ್ನು ನೇರವಾಗಿ ಸೋಲಿಸುವುದು ಮಯಸ್ತೇನಿಯ ಗ್ರೇವಿಸ್ ಎಂಬುದು. ಇದರ ಲಕ್ಷಣವನ್ನು ಅಕ್ಕಿರೊಟ್ಟಿಯ ಊಟದಿಂದಲೇ ವಿವರಿಸಬಹುದು. ರೋಗಿಯು ಮೊದಲ ನಾಲ್ಕಾರು ತುತ್ತುಗಳನ್ನು ಎಲ್ಲರಂತೆ ಅಗಿಯುತ್ತಾನೆ. ಅರ್ಧ ರೊಟ್ಟಿ ಮುಗಿಯುವುದರೊಳಗಾಗಿ ದವಡೆ ಭಾರವಾಗುತ್ತದೆ. ಬಾಯಿ ತಾನಾಗಿ ಜೋತುಬೀಳುತ್ತದೆ. ಕಡೆಗೆ ಗಲ್ಲಕ್ಕೆ ಕೈಯಾನಿಸಿ, ಆ ಕೈಯಿಂದಲೇ ದವಡೆಯನ್ನು ಮೇಲಕ್ಕೆ ಒತ್ತಿ ಅಗಿಯಬೇಕಾಗುತ್ತದೆ. ಸ್ವಲ್ಪ ಹೊತ್ತು ಸುಮ್ಮನೆ ಕುಳಿತರೆ ಶಕ್ತಿ ಮರಳುತ್ತದೆ. ನೋವು ಸಾಮಾನ್ಯವಾಗಿ ಇರುವುದಿಲ್ಲ. ಬೆಳಗ್ಗೆ ಗುಣವಾಗಿದ್ದು ಸಂಜೆಗೆ ಹೆಚ್ಚುವುದು ಇದರ ಸ್ವಭಾವ. ಜೊತೆಗೆ ರೆಪ್ಪೆ ಇಳಿಬೀಳುವುದು, ಒಂದು ವಸ್ತು ಎರಡಾಗಿ ಕಾಣುವುದು, ಮಾತು ಮೂಗಿನಲ್ಲಿ ಬರುವುದು, ಕುಡಿದ ನೀರು ಮೂಗಿಗೆ ಏರುವುದು ಇವೂ ಕಾಣಬಹುದು. ನಗಲು ಹೋದರೆ ತುಟಿಯ ಕೊನೆಗಳು ಮೇಲೇಳದೆ, ನಗುವು ಗದರಿಕೆಯಂತೆ ತೋರುವುದೂ ಉಂಟು.

ಈ ರೋಗಿಗಳಿಗೆ ಲೋಕದಿಂದ ಬರುವ ಅಪವಾದಗಳು ಎಷ್ಟೋ. ಸಂಜೆಯಾದರೆ ನಾಲಿಗೆ ತೊದಲುವವನನ್ನು ಕುಡುಕನೆನ್ನುತ್ತಾರೆ. ನಗಲಾರದವಳನ್ನು ಸೊಕ್ಕಿನವಳೆನ್ನುತ್ತಾರೆ. ಬೆಳಗ್ಗೆ ನೆಟ್ಟಗಿದ್ದು ಮಧ್ಯಾಹ್ನ ಸೋಲುವವರನ್ನು ಮೈಗಳ್ಳರೆನ್ನುತ್ತಾರೆ. ಇವೆಲ್ಲಕ್ಕಿಂತ ದೊಡ್ಡ ಸಂಕಟ ಗೃಹಿಣಿಯದು. ಈ ವ್ಯಾಧಿಯು ಗಂಡಸರಿಗೂ, ಅದರಲ್ಲಿಯೂ ವಯಸ್ಸಾದವರಿಗೆ ಬರುವುದಾದರೂ, ಹರೆಯದಲ್ಲಿ ಹೆಂಗಸರಿಗೆ ಬರುವುದು ಹೆಚ್ಚು. ನಮ್ಮ ಎಷ್ಟೋ ಮನೆಗಳಲ್ಲಿ ಹೆಂಗಸು ಎಲ್ಲರಿಗೂ ಬಡಿಸಿ, ಎಲ್ಲರೂ ಎದ್ದ ಮೇಲೆ, ರಾತ್ರಿ ಒಬ್ಬಳೇ ಕುಳಿತು ಉಣ್ಣುತ್ತಾಳೆ. ದಿನದ ದಣಿವೆಲ್ಲ ಕೂಡಿ ದವಡೆ ತೀರ ಸೋತಿರುವ ಹೊತ್ತು ಅದೇ. ನೋಡುವವರು ಯಾರೂ ಇಲ್ಲದ ಹೊತ್ತೂ ಅದೇ. ಗಲ್ಲಕ್ಕೆ ಕೈಯಾನಿಸಿ ಉಣ್ಣುವುದನ್ನು ಯಾರೂ ಕಾಣರು. ಅರ್ಧ ಊಟವನ್ನು ಬಿಟ್ಟೇಳುವುದು ಅವಳಿಗೇ ಅಭ್ಯಾಸವಾಗಿಬಿಡುತ್ತದೆ. ಅವಳು ಬಡಕಲಾಗುತ್ತಿರುವುದು ಮಾತ್ರ ಮನೆಯವರ ಕಣ್ಣಿಗೆ ಬೀಳುತ್ತದೆ. ಆದುದರಿಂದ ಮನೆಯ ಹಿರಿಯರಲ್ಲಿ ನಮ್ಮದೊಂದು ವಿಜ್ಞಾಪನೆ: ದಿನಕ್ಕೊಂದು ಊಟವನ್ನಾದರೂ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಮಾಡಿರಿ. ಅದರಿಂದ ಪ್ರೀತಿಯೂ ಬೆಳೆದೀತು, ವ್ಯಾಧಿಯೂ ಬೆಳಕಿಗೆ ಬಂದೀತು.

ಈ ವ್ಯಾಧಿಯನ್ನು ಮನುಷ್ಯರು ಅರಿತುಕೊಂಡ ಕಥೆ ಸ್ವಾರಸ್ಯವಾದುದು. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಎಂಬ ವೈದ್ಯನು 1672ರಲ್ಲಿ, ಬಹಳ ಹೊತ್ತು ಮಾತನಾಡಿದರೆ ನಾಲಿಗೆಯೇ ನಿಂತುಹೋಗುತ್ತಿದ್ದ ಒಬ್ಬ ಹೆಂಗಸಿನ ವಿಷಯವನ್ನು ಬರೆದಿಟ್ಟನು. ಅನಂತರ ಸುಮಾರು ಎರಡೂವರೆ ಶತಮಾನಗಳ ಕಾಲ ಇದಕ್ಕೆ ತಕ್ಕ ಔಷಧವಿರಲಿಲ್ಲ. 1934ರಲ್ಲಿ ಲಂಡನ್ನಿನ ಗ್ರೀನಿಚ್ಚಿನಲ್ಲಿದ್ದ ಮೇರಿ ವಾಕರ್ ಎಂಬ ವೈದ್ಯೆಯು, ಈ ರೋಗಿಗಳ ಸ್ಥಿತಿ ಕ್ಯುರಾರೆ ಎಂಬ ಬಾಣವಿಷ ತಗುಲಿದವರ ಸ್ಥಿತಿಯನ್ನು ಹೋಲುವುದನ್ನು ಗಮನಿಸಿ, ಆ ವಿಷಕ್ಕೆ ಪ್ರತಿಯಾದ ಫೈಸೊಸ್ಟಿಗ್ಮಿನ್ ಎಂಬ ಔಷಧವನ್ನು ಕೊಟ್ಟುನೋಡಿದಳು. ಸ್ವಲ್ಪ ಹೊತ್ತಿನಲ್ಲಿಯೇ ಇಳಿಬಿದ್ದ ರೆಪ್ಪೆ ಮೇಲೆದ್ದಿತು, ನುಂಗುವುದು ಸುಲಭವಾಯಿತು. ಇಂದು ರೋಗಿಗಳು ನುಂಗುವ ಪೈರಿಡೊಸ್ಟಿಗ್ಮಿನ್ ಮಾತ್ರೆಯು ಆ ಔಷಧದ ವಂಶಕ್ಕೇ ಸೇರಿದ್ದು.

ಕಾರಣ ತಿಳಿದುದು ಇನ್ನೂ ತಡವಾಗಿ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಸವು ಹೊರಟು, ಮಾಂಸಖಂಡದ ಮೇಲಿರುವ ಗ್ರಾಹಕಗಳನ್ನು ಮುಟ್ಟಿದರೆ ಮಾಂಸಖಂಡ ಕುಗ್ಗುತ್ತದೆ. ನರವನ್ನು ಕೂಗಾಳೆಂದೂ, ಗ್ರಾಹಕಗಳನ್ನು ಕೂಲಿಲೈನಿನ ಮನೆಗಳ ಬಾಗಿಲುಗಳೆಂದೂ ಭಾವಿಸಿರಿ. ಮುಕ್ಕಾಲು ಪಾಲು ಬಾಗಿಲುಗಳಿಗೆ ಮೊಳೆ ಹೊಡೆದಿದ್ದರೂ ಮೊದಲ ಕೂಗು ಜೋರಾಗಿರುವುದರಿಂದ ಸಾಕಷ್ಟು ಆಳುಗಳು ಬಂದಾರು. ಮೇಲಿಂದ ಮೇಲೆ ಕೂಗಿದಂತೆಲ್ಲ ಧ್ವನಿ ಸಣ್ಣಗಾಗಿ, ಬರುವವರು ಕಡಮೆಯಾಗುತ್ತಾರೆ. ದವಡೆ ಮೊದಲು ನೆಟ್ಟಗಿದ್ದು ಬರಬರುತ್ತ ಸೋಲುವುದು ಇದರಿಂದಲೇ. ತೈವಾನಿನ ಕಟ್ಟುಹಾವಿನ ವಿಷದಿಂದ 1963ರಲ್ಲಿ ಬೇರ್ಪಡಿಸಿದ ಒಂದು ಪದಾರ್ಥವು ಈ ಗ್ರಾಹಕಗಳಿಗೇ ಬಿಗಿಯಾಗಿ ಅಂಟುವುದೆಂದು ತಿಳಿದಮೇಲೆ, ಅವನ್ನು ಎಣಿಸುವುದು ಸಾಧ್ಯವಾಯಿತು. 1973ರಲ್ಲಿ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ಎಂಬ ವಿಜ್ಞಾನಿಗಳು ವಿದ್ಯುತ್ ಮೀನಿನ ಗ್ರಾಹಕಗಳನ್ನು ಮೊಲಗಳಿಗೆ ಚುಚ್ಚಿದಾಗ, ಮೊಲಗಳ ದೇಹದಲ್ಲಿ ಪ್ರತಿಕಾಯಗಳು ಹುಟ್ಟಿ, ಅವು ಇದೇ ವ್ಯಾಧಿಯಿಂದ ಸೋತು ಬಿದ್ದವು. 2001ರಲ್ಲಿ ಮಸ್ಕ್ ಎಂಬ ಇನ್ನೊಂದು ಪದಾರ್ಥದ ಮೇಲೆ ಬೀಳುವ ಪ್ರತಿಕಾಯಗಳು ಗೊತ್ತಾದವು. ಆ ಬಗೆಯ ರೋಗಿಗಳಲ್ಲಿ ಬಾಯಿ, ನಾಲಿಗೆ, ಗಂಟಲುಗಳಿಗೇ ತೊಂದರೆ ಹೆಚ್ಚು.

ಹಾವಿನ ಮಾತು ಬಂದುದರಿಂದ ಬೆಟ್ಟಸೀಮೆಯವರಿಗೆ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳುವುದು ಯುಕ್ತ. ವಾರಗಳಿಂದ ನಿಧಾನವಾಗಿ ಬಂದ ದಣಿವು ಬೇರೆ, ಒಂದು ರಾತ್ರಿಯಲ್ಲಿ ಬಂದುದು ಬೇರೆ. ನೆಲದ ಮೇಲೆ ಮಲಗಿ ಎದ್ದವನಿಗೆ ಬೆಳಗಾಗುವಷ್ಟರಲ್ಲಿ ರೆಪ್ಪೆ ಬಿದ್ದು, ಹೊಟ್ಟೆನೋವು ಬಂದು, ನುಂಗಲಾಗದಿದ್ದರೆ ಅದು ಕಟ್ಟುಹಾವಿನ ಕಡಿತವಿರಬಹುದು. ಆ ಹಾವು ಕಡಿದ ಗುರುತು ಅನೇಕವೇಳೆ ಕಾಣುವುದೇ ಇಲ್ಲ, ನೋವೂ ಇರುವುದಿಲ್ಲ. ಹಾಗೆಯೇ ಗಾಯವಾದ ಕೆಲವು ದಿನಗಳ ಮೇಲೆ ದವಡೆ ಸೆಟೆದು ಕಚ್ಚಿಕೊಂಡರೆ ಅದು ಧನುರ್ವಾಯುವಿರಬಹುದು. ಇವೆರಡರಲ್ಲಿಯೂ ಮಂತ್ರ, ಬೇರು ಎಂದು ಕಾಲ ಕಳೆಯದೆ ಆ ಕ್ಷಣವೇ ಆಸ್ಪತ್ರೆಗೆ ಹೊರಡತಕ್ಕದ್ದು.

ಎರಡನೆಯ ಬಗೆಯಲ್ಲಿ ದವಡೆ ದಣಿಯುವುದಿಲ್ಲ, ಬಾಯಿ ಕಿರಿದಾಗುತ್ತದೆ. ಸ್ಕ್ಲೀರೋಡರ್ಮ ಎಂಬ ವ್ಯಾಧಿಯಲ್ಲಿ ಚರ್ಮವು ದಪ್ಪವಾಗಿ ಬಿಗಿಯುತ್ತದೆ. ತುಟಿಗಳು ತೆಳುವಾಗಿ, ಬಾಯಿಯ ಸುತ್ತ ಚೀಲದ ಬಾಯಿಗೆ ದಾರ ಎಳೆದಂತೆ ನೆರಿಗೆಗಳು ಬೀಳುತ್ತವೆ. ಮೂರು ಬೆರಳು ಹಿಡಿಸುತ್ತಿದ್ದ ಬಾಯಿಗೆ ಎರಡೂ ಹಿಡಿಸವು. ಇದಕ್ಕೆ ಮುಂಚಿತವಾಗಿಯೇ ಬರುವ ಒಂದು ಗುರುತುಂಟು: ಚಳಿಯಲ್ಲಿ, ತಣ್ಣೀರಿನಲ್ಲಿ ಬೆರಳುಗಳು ಮೊದಲು ಬಿಳಿಚಿ, ಆಮೇಲೆ ನೀಲಿಯಾಗಿ, ಕಡೆಗೆ ಕೆಂಪಾಗುವುವು. ಮಳೆಗಾಲದಲ್ಲಿ ತಣ್ಣೀರಿನಲ್ಲಿ ಕೈಯಿಟ್ಟು ಪಾತ್ರೆ ಬೆಳಗುವ, ಗದ್ದೆಯಲ್ಲಿ ನಾಟಿಮಾಡುವ ಹೆಂಗಸರು ಇದನ್ನು ಬರಿಯ ಚಳಿಯೆಂದು ತಳ್ಳಿಬಿಡಬಾರದು. ಬೆರಳು ಬಿಳಿಚುವುದೂ, ಬಾಯಿ ಕಿರಿದಾಗುವುದೂ ಕೂಡಿ ಬಂದರೆ ವೈದ್ಯರಿಗೆ ತೋರಿಸಲೇಬೇಕು.

ಮಲೆನಾಡಿನಲ್ಲಿ ಇಲ್ಲೊಂದು ತೊಡಕುಂಟು. ಅಡಕೆ ಹಾಕುವವರಿಗೆ ಬಾಯಿ ಕಿರಿದಾಗುವ ಬೇರೊಂದು ವ್ಯಾಧಿ ಬರುತ್ತದೆ. ಖಾರ ತಗುಲಿದರೆ ಬಾಯಿ ಉರಿಯುವುದು, ಕೆನ್ನೆಯ ಒಳಮೈ ಬಿಳಿಚಿ ಗಟ್ಟಿಯಾದ ಪಟ್ಟಿಗಳು ಬೆರಳಿಗೆ ಸಿಕ್ಕುವುದು, ವರ್ಷದಿಂದ ವರ್ಷಕ್ಕೆ ಬಾಯಿ ಮುಚ್ಚುತ್ತ ಬರುವುದು ಅದರ ಲಕ್ಷಣಗಳು. 1952ರಲ್ಲಿ ಷ್ವಾರ್ಟ್ಸ್ ಎಂಬುವನು ಆಫ್ರಿಕದಲ್ಲಿ ನೆಲಸಿದ್ದ ಭಾರತೀಯ ಹೆಂಗಸರಲ್ಲಿ ಇದನ್ನು ಕಂಡು ವರ್ಣಿಸಿದನು. ಇದು ಮುಖ್ಯವಾಗಿ ಅಡಕೆಯಿಂದ ಆಗುವುದು. ಮುಂದೆ ಏಡಿಗಂತಿಗೂ ದಾರಿಮಾಡಬಲ್ಲುದು. ಬಾಯಿ ತೆರೆಯದವರೆಲ್ಲ ಅಡಕೆಯವರೆಂದು ತೀರ್ಮಾನಿಸುವುದೂ ತಪ್ಪು. ಅಡಕೆ ಹಾಕುವವನು ತನಗೆ ಬಂದಿರುವುದು ವಾತವೆಂದು ಸಮಾಧಾನಪಡುವುದೂ ತಪ್ಪು. ಅಡಕೆಯ ರೋಗದಲ್ಲಿ ಬಿಗಿತವಿರುವುದು ಕೆನ್ನೆಯ ಒಳಗೆ. ಸ್ಕ್ಲೀರೋಡರ್ಮದಲ್ಲಿ ಮುಖದ ಮತ್ತು ಬೆರಳುಗಳ ಹೊರಚರ್ಮದಲ್ಲಿ. ಎಲೆಅಡಕೆಯ ಅಭ್ಯಾಸವನ್ನು ವೈದ್ಯರಿಂದ ಮುಚ್ಚಿಡಬಾರದು.

ಮೂರನೆಯದು ಬಾಯಿ ಒಣಗುವುದು. ಸ್ವೀಡನ್ ದೇಶದ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ 1933ರಲ್ಲಿ ವಿಸ್ತಾರವಾಗಿ ವಿವರಿಸಿದ ವ್ಯಾಧಿಯಲ್ಲಿ, ರೋಗನಿರೋಧ ಪಡೆಯು ಜೊಲ್ಲಿನ ಗ್ರಂಥಿಗಳನ್ನೂ ಕಣ್ಣೀರಿನ ಗ್ರಂಥಿಗಳನ್ನೂ ಕೆಡಿಸುತ್ತದೆ. ಇಂತಹವರು ಒಣರೊಟ್ಟಿಯನ್ನು ನುಂಗಲು ಪ್ರತಿ ತುತ್ತಿಗೂ ನೀರು ಕುಡಿಯಬೇಕಾಗುತ್ತದೆ. ಕಣ್ಣಿನಲ್ಲಿ ಮರಳು ಬಿದ್ದಂತಿರುತ್ತದೆ. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಜೊಲ್ಲಿನ ಕಾವಲಿಲ್ಲದ ಹಲ್ಲುಗಳು ವಸಡಿನ ಅಂಚಿನಲ್ಲಿಯೇ ಬೇಗ ಹುಳುಕಾಗುತ್ತವೆ. ಹುಳುಕಾದ ಹಲ್ಲುಗಳನ್ನು ಒಂದೊಂದಾಗಿ ಕೀಳಿಸುತ್ತ ಹೋಗುವುದರಿಂದ ಮೂಲವ್ಯಾಧಿಯು ಹೋಗುವುದಿಲ್ಲ. ಇದೂ ಹೆಂಗಸರಲ್ಲಿಯೇ ಬಹಳ ಹೆಚ್ಚು.

ನಾಲ್ಕನೆಯದು ನೋವು. ಕೈಕಾಲಿನ ಸಣ್ಣ ಕೀಲುಗಳಿಗೆ ಬರುವ ರುಮಟಾಯ್ಡ್ ವಾತವು ದವಡೆಯ ಕೀಲಿಗೂ ಬರಬಹುದು. ಇದರ ರೀತಿ ಮೊದಲ ವ್ಯಾಧಿಗೆ ತೀರ ವಿರುದ್ಧ. ಬೆಳಗ್ಗೆ ಎದ್ದಾಗ ದವಡೆ ಹಿಡಿದುಕೊಂಡು, ಹೊತ್ತೇರಿದಂತೆ ಸಡಿಲವಾಗುತ್ತದೆ. ಅಗಿದರೆ ಕಿವಿಯ ಮುಂದೆ ನೋವು. ಮಕ್ಕಳಿಗೆ ಬರುವ ಕೀಲುವಾತದಲ್ಲಿ ದವಡೆಯ ಬೆಳವಣಿಗೆ ಕುಂಠಿತವಾಗಿ ಗಲ್ಲ ಚಿಕ್ಕದಾಗುವುದುಂಟು. ಇನ್ನೊಂದು ನೋವು ನಮ್ಮ ದೇಶದಲ್ಲಿ ಅಪರೂಪವಾದರೂ ಹೇಳದೆ ಬಿಡುವಂತಿಲ್ಲ. 50 ವರ್ಷ ದಾಟಿದವರಿಗೆ ಹೊಸದಾಗಿ ಕಣತಲೆಯಲ್ಲಿ ನೋವು ಬಂದು, ಅಗಿಯುತ್ತಿದ್ದಂತೆ ದವಡೆ ನೋಯತೊಡಗಿ, ನಿಲ್ಲಿಸಿದರೆ ನೋವು ನಿಂತರೆ, ತಲೆಯ ರಕ್ತನಾಳಗಳು ಉರಿಗೊಂಡಿರಬಹುದು. ತಡಮಾಡಿದರೆ ದೃಷ್ಟಿಯೇ ಹೋದೀತು. ಆ ಕಾಯಿಲೆಗೆ ನಾಳೆಯೆಂಬುದಿಲ್ಲ.

ಹೀಗೆ ದಣಿವು, ಬಿಗಿತ, ಒಣಗು, ನೋವು ಎಂಬ ನಾಲ್ಕು ಗುರುತುಗಳನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು. ವೈದ್ಯರಲ್ಲಿಗೆ ಹೋದಾಗ ‘ಬಾಯಿ ಸರಿಯಿಲ್ಲ’ ಎಂದಷ್ಟೇ ಹೇಳಬೇಡಿರಿ. ಯಾವ ಹೊತ್ತಿನಲ್ಲಿ ಹೆಚ್ಚು, ಎಷ್ಟು ತುತ್ತಿನ ಮೇಲೆ ಸೋಲುತ್ತದೆ, ನೋವುಂಟೋ ಇಲ್ಲವೋ, ಎಷ್ಟು ಬೆರಳು ಹಿಡಿಸುತ್ತದೆ, ಕಣ್ಣು ಬೆರಳುಗಳಲ್ಲಿ ಏನಾಗಿದೆ ಎಂಬುದನ್ನು ಹೇಳಿರಿ. ಸಕಲೇಶಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲ ಪರೀಕ್ಷೆ ಮಾಡಿಸಿಕೊಂಡು, ಅವಶ್ಯವಾದರೆ ಹಾಸನದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ, ನರಗಳ ವಿಷಯವಾದರೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೋ ಪತ್ರ ಪಡೆದು ಹೋಗಬಹುದು.

ಚಿಕಿತ್ಸೆಯ ಮಾತು ವೈದ್ಯರಿಗೆ ಸೇರಿದ್ದು. ಮನೆಯಲ್ಲಿ ಪಾಲಿಸಬೇಕಾದುದನ್ನು ಮಾತ್ರ ಹೇಳುತ್ತೇವೆ. ಮಯಸ್ತೇನಿಯದ ಮಾತ್ರೆಯ ಗುಣ ಹಿಡಿಯಲು ಸುಮಾರು ಅರ್ಧ ಗಂಟೆ ಬೇಕು. ಮೂರು ನಾಲ್ಕು ಗಂಟೆಯ ಹೊತ್ತಿಗೆ ಅದು ಇಳಿಯುತ್ತದೆ. ಆದುದರಿಂದ ಮಾತ್ರೆ ನುಂಗಿ ಅರ್ಧ ಮುಕ್ಕಾಲು ಗಂಟೆಯ ಮೇಲೆ ಊಟಕ್ಕೆ ಕೂರುವುದು ಮೇಲು. ದೊಡ್ಡ ಊಟವನ್ನು ಬಲವಿರುವ ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಬೇಕು. ರೊಟ್ಟಿಗಿಂತ ಸಾರಿನಲ್ಲಿ ನೆನೆದ ಕಡುಬು, ಮೆತ್ತಗೆ ಬೆಂದ ಅನ್ನ ಒಳ್ಳೆಯದು. ತೆಳುವಾದ ನೀರು ನೆತ್ತಿಗೆ ಹತ್ತುವವರಿಗೆ ಗಟ್ಟಿ ಗಂಜಿ ಸುಲಭವಾಗಿ ಇಳಿಯುತ್ತದೆ. ನೆಟ್ಟಗೆ ಕುಳಿತು, ಗಲ್ಲವನ್ನು ಕೊಂಚ ತಗ್ಗಿಸಿ, ಸಣ್ಣ ತುತ್ತುಗಳನ್ನು ತೆಗೆದುಕೊಳ್ಳಬೇಕು. ಉಣ್ಣುವಾಗ ಮಾತು ಬೇಡ. ಜ್ವರ, ಭೇದಿಗಳಿಗೆ ಅಂಗಡಿಯಿಂದ ತಾವಾಗಿ ಔಷಧ ಕೊಳ್ಳಕೂಡದು. ಜೆಂಟಾಮೈಸಿನ್, ಸಿಪ್ರೋಫ್ಲಾಕ್ಸಸಿನ್, ಕ್ಲೋರೋಕ್ವಿನ್ ಮೊದಲಾದವು ಈ ವ್ಯಾಧಿಯನ್ನು ಕೆರಳಿಸಬಲ್ಲವು. ಈ ವ್ಯಾಧಿಯುಳ್ಳ ತಾಯಿಗೆ ಹುಟ್ಟಿದ ಕೂಸು ಮೊದಲ ದಿನಗಳಲ್ಲಿ ಮೊಲೆ ಚೀಪಲು ಸೋಲುವುದುಂಟು. ತಕ್ಕ ಆರೈಕೆ ನಡೆದರೆ ಕೆಲವು ವಾರಗಳಲ್ಲಿ ಅದು ತಾನಾಗಿ ಹೋಗುತ್ತದೆ. ಆದರೆ ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಬೇಕು.

ಮಲಗಿದರೆ ಉಸಿರು ಕಟ್ಟುವುದು, ಸ್ವಂತ ಜೊಲ್ಲನ್ನೂ ನುಂಗಲಾಗದಿರುವುದು, ಕೆಮ್ಮಲು ಬಲವಿಲ್ಲದಿರುವುದು, ಒಂದೇ ಉಸಿರಿನಲ್ಲಿ ಇಪ್ಪತ್ತರವರೆಗೆ ಎಣಿಸಲಾಗದಿರುವುದು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯಕೂಡದು. ಮಳೆಯಿರಲಿ, ಕತ್ತಲೆಯಿರಲಿ, ಗಾಡಿ ಕಟ್ಟಿಸಿಯೇ ತೀರಬೇಕು.

ಕೀಲುವಾತದವರಿಗೆ ಒಂದು ಮಾತು. ಅವರಿಗೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯು ವಾರಕ್ಕೊಂದು ದಿನ ನುಂಗುವಂತಹದು. ಅದನ್ನು ದಿನವಹಿ ನುಂಗಿ, ಬಾಯಿಯೆಲ್ಲ ಹುಣ್ಣಾಗಿ, ರಕ್ತ ಕೆಟ್ಟು ಪ್ರಾಣಕ್ಕೆ ಅಪಾಯ ಬರುವುದುಂಟು. ಯಾವ ವಾರದಲ್ಲಿ ನುಂಗಬೇಕೆಂಬುದನ್ನು, ಸೋಮವಾರವೋ ಗುರುವಾರವೋ, ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿರಿ. ಸ್ಟಿರಾಯ್ಡ್ ಮಾತ್ರೆಯನ್ನು ಗುಣವಾಯಿತೆಂದು ಹಠಾತ್ತಾಗಿ ನಿಲ್ಲಿಸಕೂಡದು. ಮೂಳೆ ಗಟ್ಟಿಯಾಗಲೆಂದು ಕೊಡುವ ಕೆಲವು ಔಷಧಗಳನ್ನು ತೆಗೆದುಕೊಳ್ಳುತ್ತಿರುವವರು ಹಲ್ಲು ಕೀಳಿಸುವ ಮುಂಚೆ ದಂತವೈದ್ಯರಿಗೆ ತಿಳಿಸಬೇಕು; ಇಲ್ಲವಾದರೆ ದವಡೆಯ ಮೂಳೆಯ ಗಾಯ ಮಾಯದೆ ಉಳಿಯಬಹುದು.

ಈ ವ್ಯಾಧಿಗಳು ಅಂಟುಜಾಡ್ಯಗಳಲ್ಲ. ಒಬ್ಬರ ಎಂಜಲಿನಿಂದ ಇನ್ನೊಬ್ಬರಿಗೆ ಬರುವುವಲ್ಲ. ಯಾರ ಪಾಪದ ಫಲವೂ ಅಲ್ಲ. ಇವುಗಳಲ್ಲಿ ಬಹುಪಾಲು ಬುಡಸಹಿತ ಹೋಗುವುದಿಲ್ಲವಾದರೂ ಹತೋಟಿಯಲ್ಲಿ ನಿಲ್ಲುತ್ತವೆ. ಚಲನಚಿತ್ರ ನಟ ಅಮಿತಾಭ್ ಬಚ್ಚನ್ ಅವರಿಗೆ 1984ರಲ್ಲಿ ಮಯಸ್ತೇನಿಯ ಇರುವುದು ಗೊತ್ತಾಯಿತು. ಮಾತನ್ನೇ ಕಸುಬಾಗಿ ಉಳ್ಳ ಅವರು ಅದರ ಅನಂತರವೂ ದಶಕಗಳ ಕಾಲ ನಟಿಸಿದರೆಂಬುದು ಲೋಕಕ್ಕೆಲ್ಲ ತಿಳಿದ ಸಂಗತಿ. ಹೊಂಗಡಹಳ್ಳದ ಒಬ್ಬ ತಾಯಿಗೂ ಅದೇ ಮಾತ್ರೆ, ಅದೇ ಗುಣ. ಅವಳ ತಟ್ಟೆಯಲ್ಲಿ ದಿನವೂ ಅರ್ಧ ರೊಟ್ಟಿ ಉಳಿಯುತ್ತಿರುವುದೇಕೆಂದು ಕೇಳುವವರು ಮನೆಯಲ್ಲಿ ಒಬ್ಬರಿರಬೇಕು, ಅಷ್ಟೆ.